ಮಣ್ಣೂರ ಗಂಗಿಯ ಬಾಲಪಟ್ಟಿ

"ಆ ಅರಿವಿ ಬಿಚ್ಚಿ ಕೆಳಗ ಒಗೀಬ್ಯಾಡ್ರಿ, ಸಾವಕಾರ್ರ. ನನ್ನ ಕೈಯಾಗ ಕೊಡ್ರಿ."

ಡಾಕ್ಟರ್ ಭಾಗ್ಯಜ್ಯೋತಿ ಭುಜದವರೆಗಿನ ಕೈಗವಸಿನಲ್ಲೇ ಉದ್ದನೆಯ ಹತ್ತಿಕಡ್ಡಿಯನ್ನು ಕೊಳವೆಯೊಳಗೆ ಇಳಿಸುತ್ತ ಹೇಳಿದಳು. ಕರಜಗಿಯ ಕಲ್ಯಾಣಪ್ಪನ ಕೈ ಕುದುರೆಯ ಬಾಲದ ಮೇಲೆಯೇ ನಿಂತಿತು. ನಲವತ್ತು ಎಕರೆ ಕಬ್ಬಿನ ಧಣಿ ಆತ. ಮಾತು ಕಬ್ಬಿನಷ್ಟೇ ಉದ್ದ, ಸಿಹಿ ಮಾತ್ರ ಅಷ್ಟಕ್ಕಷ್ಟೇ.

"ಈ ಚಿಂದಿ ತಗೊಂಡು ಏನ ಮಾಡ್ತೀರಿ, ಬಾಯಾರ?"

"ಮೊದಲ ಕೊಡ್ರಿ. ಆಮ್ಯಾಲ ಹೇಳ್ತೇನಿ."

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಸೇರಿ ಈ ಹಂಗಾಮಿನಲ್ಲಿ ಹನ್ನೊಂದು ಹೆಣ್ಣು ಕುದುರೆ ಗಬ್ಬ ನಿಲ್ಲದೆ ಖಾಲಿ ಉಳಿದಿದ್ದವು. ಆ ಪಾಪವನ್ನೆಲ್ಲ ಊರ ಮಂದಿ ಆಳಂದದ ಏಜಾಜನ ಬೀಜದ ಕುದುರೆ ಬಾದಲನ ತಲೆಗೆ ಕಟ್ಟಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಬಾದಲನ ಬೀಜ ತೆಗೆಸಬೇಕು ಎಂದು ಕುದುರೆ ಮಾಲೀಕರ ಸಭೆ ಠರಾವು ಮಾಡಿತ್ತು. ಯಾವ ಡಾಕ್ಟರೂ ಒಪ್ಪದ್ದಕ್ಕೆ, ಹಗ್ಗ ಹಾಕಿ ಕೆಡವಿ ಕೊಯ್ಯುವ ಹಳೇ ಕೈಯೊಬ್ಬನನ್ನು ಗೊತ್ತುಮಾಡಿಯೂ ಆಗಿತ್ತು. ಪೊಲೀಸರನ್ನು ಕರೆತಂದರೆ ಕುದುರೆಯೇನೋ ಉಳಿಯುತ್ತಿತ್ತು. ಆದರೆ ಅದರ ಹತ್ತಿರ ತಮ್ಮ ಕುದುರೆ ತರುವವರು ಮೂರು ತಾಲೂಕಿನಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ.

ಏಜಾಜನಿಗೆ ಇರುವುದು ಅದೊಂದೇ ಕುದುರೆ. ತಾಯಿ ಸತ್ತ ಮರಿಯನ್ನು ಆಡಿನ ಹಾಲು ಕುಡಿಸಿ ಬೆಳೆಸಿದವನು ಅವನು. ಬಾದಲ ಹೋದರೆ ಅವನ ಮನೆಯ ಒಲೆಯೂ ಹೋದ ಹಾಗೆ.

ಕಲ್ಯಾಣಪ್ಪ ಬಾಲದ ಪಟ್ಟಿ ಬಿಚ್ಚಿಕೊಟ್ಟ. ಒಂದು ಗೇಣು ಅಗಲ, ಎರಡು ಮೊಳ ಉದ್ದ. ಒಂದು ಕಾಲಕ್ಕೆ ಗಿಳಿಹಸಿರು ರೇಷ್ಮೆ ಆಗಿದ್ದಿರಬೇಕು, ಅಂಚಿನಲ್ಲಿ ಜರಿಯ ಎಳೆ ಇನ್ನೂ ಮಿಣುಗುತ್ತಿತ್ತು. ಈಗ ಜಿಡ್ಡು ಕೂತು ಚರ್ಮದ ಹಾಗೆ ಬಿರುಸಾಗಿತ್ತು. ಒಳಮಡಿಕೆ ಮಾತ್ರ ಹಸಿ. ಭಾಗ್ಯಜ್ಯೋತಿ ಮೂಗಿನ ಹತ್ತಿರ ಹಿಡಿದಳು. ಹುಳಿಗೂ ಸಿಹಿಗೂ ನಡುವಿನ ಅದೇ ಕೊಳಕು ವಾಸನೆ. ಈಗಷ್ಟೇ ಕುದುರೆಯ ಗರ್ಭಕೋಶದಿಂದ ಹೊರಬಂದ ಕೈಗವಸಿಗೂ ಅದೇ ವಾಸನೆ ಇತ್ತು.

ಮಾದರಿ ತೆಗೆಯುವಾಗ ಬಾಲ ಅಡ್ಡ ಬರಬಾರದೆಂದು ಅದಕ್ಕೆ ಅರಿವೆ ಸುತ್ತುತ್ತಾರೆ. ಆಕೆ ಕುದುರೆಗೊಂದರಂತೆ ಹೊಸ ಪಟ್ಟಿಯನ್ನು ತಾನೇ ಒಯ್ಯುತ್ತಿದ್ದಳು. ಇಷ್ಟು ದಿನ ಯಾರ ಲಾಯದಲ್ಲೂ ಬೇರೆ ಅರಿವೆ ಕಣ್ಣಿಗೆ ಬಿದ್ದಿರಲಿಲ್ಲ. ಇಲ್ಲಿ ಕಲ್ಯಾಣಪ್ಪ ದೊಡ್ಡಸ್ತಿಕೆ ತೋರಿಸಲು ಹೋಗಿ, ಆಕೆ ಬರುವಷ್ಟರಲ್ಲಿ ಬಾಲ ಕಟ್ಟಿ ಸಿದ್ಧವಾಗಿ ನಿಲ್ಲಿಸಿದ್ದ.

"ಯಾರದಿದು?"

"ಅದು ಮಣ್ಣೂರ ಗಂಗಿ ಪಟ್ಟಿ ರಿ," ಎಂದ ಕಲ್ಯಾಣಪ್ಪ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಸುಭದ್ರಾಬಾಯಿ ಅಮ್ಮಾರ ಕುದುರಿ. ಒಂಬತ್ತ ವರ್ಷಕ್ಕ ಒಂಬತ್ತ ಮರಿ ಹಾಕ್ಯದ, ಒಂದೂ ತಪ್ಪಿಲ್ಲ. ಅದರ ಬಾಲಕ್ಕ ಕಟ್ಟಿದ ಅರಿವಿ ಕಟ್ಟಿ ಗಂಡು ಬಿಡಿಸಿದ್ರ ಗಬ್ಬ ಹುಸಿ ಹೋಗಂಗಿಲ್ಲ ಅಂತಾರ."

"ಮಣ್ಣೂರಿಂದ ನೀವ ತಂದ್ರೇನು?"

"ಇಲ್ರಿ. ಅಫಜಲಪುರದಾಗ ಒಬ್ರ ಮನ್ಯಾಗಿತ್ತು. ಅವರಿಗೆ ಜೇವರ್ಗಿ ಕಡಿಯಿಂದ ಬಂದಿತ್ತು. ಕೈಯಿಂದ ಕೈಗೆ ಅಡ್ಡಾಡ್ತದ. ಬ್ಯಾಡ ಅಂದಾವ್ರು ಯಾರ?"

"ತೊಳದೀರೇನು?"

ಕಲ್ಯಾಣಪ್ಪನಿಗೆ ನಗು ಬಂತು. "ತೊಳಿತಾರೇನ್ರಿ? ತೊಳದ್ರ ಗುಣ ಹೋಗ್ತದ."

"ಗುಣ ಏನೂ ಹೋಗಿಲ್ಲ ಬಿಡ್ರಿ. ಮನಿಯಿಂದ ಮನಿಗೆ ಹೆಚ್ಚಾಗ್ಯದ," ಎಂದಳು ಭಾಗ್ಯಜ್ಯೋತಿ. ಪಟ್ಟಿಯ ಒಳಮಡಿಕೆಗೆ ಇನ್ನೊಂದು ಹತ್ತಿಕಡ್ಡಿ ಒತ್ತಿ, ಅದನ್ನೂ ಕೊಳವೆಗೆ ಇಳಿಸಿ, ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದಳು. ಹನ್ನೊಂದು ದಿನ ಮೂರು ತಾಲೂಕಿನ ಧೂಳು ಕುಡಿದದ್ದಕ್ಕೆ ಇವತ್ತು ಏನೋ ಒಂದು ಕೈಗೆ ಸಿಕ್ಕಿತ್ತು. ಒಳಗೊಳಗೇ ಖುಷಿಯಾಯಿತು ಆಕೆಗೆ, ಸುಳ್ಳೇಕೆ.

ಲ್ಯಾಬಿನಲ್ಲಿ ಅದುವರೆಗೆ ಆದದ್ದು ಇಷ್ಟು. ಕುದುರೆಯ ಗರ್ಭಕೋಶದ ಕೀವಿನಿಂದ ಕ್ರಿಮಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಮೇಲೆ ಒಂಬತ್ತು ಔಷಧದ ಪುಟ್ಟ ಬಿಲ್ಲೆ ಇಟ್ಟಿದ್ದರು. ಔಷಧ ನಾಟಿದರೆ ಬಿಲ್ಲೆಯ ಸುತ್ತ ಬಯಲು ಬೀಳಬೇಕು. ಎಂಟು ಬಿಲ್ಲೆಗಳ ಸುತ್ತ ಕ್ರಿಮಿ ಹುಲುಸಾಗಿ ನಿಂತಿತ್ತು, ಒಂಬತ್ತನೆಯದಾದ ಅಮಿಕಾಸಿನ್ ಸುತ್ತ ಮಾತ್ರ ಬಯಲು. ಹನ್ನೊಂದಕ್ಕೆ ಹನ್ನೊಂದು ಕುದುರೆಯದೂ ಹಾಗೇ, ಒಂದೇ ಅಚ್ಚಿನ ಬೆಲ್ಲ. ಎಲ್ಲಿಂದಲೋ ಒಂದೇ ಕಡೆಯಿಂದ ಹೊರಟದ್ದು ಅದು. ಬಾದಲನ ಮಾದರಿಯನ್ನು ಮೂರು ಸಲ ತೆಗೆದು ನೋಡಿದರೂ ತಟ್ಟೆ ಸ್ವಚ್ಛ. ಆ ಕಾಗದವನ್ನು ಸಭೆಯಲ್ಲಿ ಓದಿದಾಗ, "ಕಾಗದ ಗಬ್ಬ ನಿಲ್ಲಸ್ತದೇನ್ರಿ?" ಎಂದು ಕೇಳಿದವನು ಇದೇ ಕಲ್ಯಾಣಪ್ಪ. ಎಲ್ಲರೂ ನಕ್ಕಿದ್ದರು.

ಅವನ ಈ ಕುದುರೆ ರಾಣಿ ಆ ಹನ್ನೊಂದರ ಯಾದಿಯಲ್ಲಿ ಇರಲಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವನ ಲಾಯವನ್ನೂ ಒಮ್ಮೆ ನೋಡೋಣ ಎಂದು ಆಕೆಯೇ ಹಟ ಹಿಡಿದು ಬಂದಿದ್ದಳು.

"ಸಾವಕಾರ್ರ, ರಾಣಿಗೆ ಯಾವ ಗಂಡು ಬಿಡಿಸಿದ್ರಿ?"

ಕಲ್ಯಾಣಪ್ಪ ಧೋತರದ ಚುಂಗು ಸರಿಮಾಡಿಕೊಂಡ. "ನಮ್ಮನಿದ."

"ಅಂದ್ರ ಬಾದಲ ಇದರ ಹತ್ರ ಹಾದೇ ಇಲ್ಲ. ಆದ್ರೂ ಗಬ್ಬ ನಿಂತಿಲ್ಲ, ಒಳಗ ಕೀವ ತುಂಬ್ಯದ. ನಿಮ್ಮ ಗಂಡು ಕುದುರಿ ಹೆಸರ ಕೆಡ್ತದಂತ ಇದನ್ನ ಮುಚ್ಚಿಟ್ರಿ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳಿಯಾಕ ಹೊಂಟೀರಿ."

"ಮಾತ ಹಗುರ ಆಡಬ್ಯಾಡ್ರಿ."

"ಹಗುರ ಇಲ್ಲ, ತೂಗೇ ಆಡಾಕತ್ತೇನಿ. ಈ ಪಟ್ಟಿದು ನಾಡಿದ್ದ ಸಂಜಿಗೆ ರಿಪೋರ್ಟ್ ಬರ್ತದ. ಅಲ್ಲಿಮಟ ಬಾದಲನ ಮೈ ಮುಟ್ಟಬ್ಯಾಡ್ರಿ. ಎರಡ ದಿನ."

ಕಲ್ಯಾಣಪ್ಪ ಯೋಚಿಸಿದ. ಯೋಚಿಸಿದನೋ, ತಪ್ಪಿಸಿಕೊಳ್ಳುವ ದಾರಿ ಹುಡುಕಿದನೋ, ಅವನಿಗೇ ಗೊತ್ತು.

"ಮಂದಿ ಕೂಡಿ ಮಾಡಿದ ಠರಾವ ನಾ ಒಬ್ಬ ಹ್ಯಾಂಗ ಮುರೀಲಿ? ನೀವು ಗಂಗಿ ಪಟ್ಟಿಗೆ ಕೆಟ್ಟ ಹೆಸರ ಹಚ್ಚಾಕತ್ತೀರಿ. ಗಂಗಿಗೆ ರೋಗ ಇತ್ತಂತ ಸುಭದ್ರಾಬಾಯಿ ಅಮ್ಮಾರು ತಮ್ಮ ಬಾಯಿಲೆ ಸಭಾದಾಗ ಹೇಳ್ಲಿ. ಅವರ ಮಾತ ಮೂರ ತಾಲೂಕಿನಾಗ ಯಾರೂ ಕಡಿಗೆ ಹಾಕಂಗಿಲ್ಲ. ಅವರು ಹೇಳಿದ್ರ ನಾನ ಮುಂದ ನಿಂತು ಕುದುರಿ ಬಿಡಸ್ತೇನಿ."

ಅವಳು ಹೇಳುವುದಿಲ್ಲ ಎಂಬ ಭರವಸೆ ಅವನ ಮುಖದ ಮೇಲೆ ಬರೆದಿತ್ತು. ಭಾಗ್ಯಜ್ಯೋತಿ ಕೈ ತೊಳೆದುಕೊಂಡು ಜೀಪು ಹತ್ತಿದಳು.

ಕಬ್ಬಿನ ಗದ್ದೆಗಳು ಮುಗಿದು ಎರೆನೆಲ ಶುರುವಾಯಿತು. ಮಳೆ ಬಿದ್ದು ತೊಗರಿ ಮೊಳಕಾಲೆತ್ತರ ಎದ್ದಿತ್ತು. ರಸ್ತೆಯ ಕುಣಿಗಳನ್ನು ತಪ್ಪಿಸುತ್ತ ಆಕೆ ಗೌಸಮೊಹಿದ್ದೀನನಿಗೆ ಫೋನ್ ಮಾಡಿದಳು. ಆಕೆಯ ಕಂಪೌಂಡರ್ ಆತ, ಜೇವರ್ಗಿಯವ. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದರೂ ಕೆಲಸಕ್ಕೆ ಸೇರಿ ಎಂಟು ದಿನವಾದವರ ಹುರುಪು. ಬೆಳಿಗ್ಗೆಯಿಂದ ಆಳಂದದಲ್ಲಿ ಬಾದಲನ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ.

"ಹ್ಯಾಂಗದ ಚಾಚಾ?"

"ಬಾದಲ ಬರೊಬ್ಬರಿ ಅದ ಮೇಡಮ್. ಆರಾಮ ಮೇಯಾಕತ್ತದ. ಅದಕ್ಕೇನ ಗೊತ್ತು, ನಾಳಿ ಏನದ ಅಂತ. ಏಜಾಜ ಮಾತ್ರ ಎರಡ ದಿನದಿಂದ ಒಂದ ತುತ್ತ ತಿಂದಿಲ್ಲ. ಅವರಮ್ಮ ಮದೀನಾಬಿ ನನಗ ಮೂರ ಸಲ ಚಾ ಕೊಟ್ಳು. ಮಗ ಕುಡಿಯಂಗಿಲ್ಲ ಅಂತ ಅವನ ಪಾಲಿಂದೂ ನನಗ."

ಮದೀನಾಬಿಯನ್ನು ಭಾಗ್ಯಜ್ಯೋತಿ ಬಲ್ಲಳು. ಕುದುರೆ ಈಯುವಾಗ ಕೈಯಿಡಲು ಮೂರು ತಾಲೂಕಿನವರು ಕರೆಯುವುದು ಆ ಎಪ್ಪತ್ತು ದಾಟಿದ ಹೆಂಗಸನ್ನೇ. ಅಡ್ಡ ಬಂದ ಮರಿಯನ್ನು ಒಳಗೇ ತಿರುಗಿಸಿ ಹೊರಗೆ ತರುವ ಆ ಕೈಯನ್ನು ಕಂಡು ಆಕೆಗೇ ಒಮ್ಮೆ ಹೊಟ್ಟೆಕಿಚ್ಚಾಗಿತ್ತು.

"ಅಲ್ಲೇ ಇರ್ರಿ. ನಾ ಮಣ್ಣೂರಿಗೆ ಹೊಂಟೇನಿ," ಎಂದು ಫೋನ್ ಇಟ್ಟಳು.

ಸುಭದ್ರಾಬಾಯಿಯ ಮನೆ ಭೀಮೆಯ ದಂಡೆಗೆ ಒತ್ತಿಕೊಂಡೇ ಇತ್ತು. ಪಡಸಾಲೆಯಲ್ಲಿ ಆಕೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ವಯಸ್ಸು ಎಪ್ಪತ್ತೈದು, ಬೆನ್ನು ಮಾತ್ರ ಹುರಿ ಹಗ್ಗದ ಹಾಗೆ ನೆಟ್ಟಗೆ.

"ಬಾ ತಂಗಿ. ಬಿಸಿಲಾಗ ಬಂದಿ. ಮೊದಲ ನೀರ ಕುಡಿ."

"ಅಮ್ಮಾರ, ಮೊದಲ ಗಂಗಿನ್ನ ನೋಡ್ತೇನಿ."

"ನೋಡು. ನೋಡಾಕ ಬರದವರ್ಯಾರು?"

ಗಂಗಿ ಹಿತ್ತಲ ಲಾಯದಲ್ಲಿ ನಿಂತಿತ್ತು. ಕಂದು ಬಣ್ಣ, ಹಣೆಯ ಮೇಲೆ ಬೊಟ್ಟಿನಷ್ಟು ಬಿಳುಪು. ಎಷ್ಟು ಚೆಂದದ ಕುದುರೆ ಎಂದು ಭಾಗ್ಯಜ್ಯೋತಿಗೆ ಅನಿಸದೆ ಇರಲಿಲ್ಲ. ಆದರೆ ಪಕ್ಕದಲ್ಲಿ ಮರಿ ಇಲ್ಲ. ಕೆಚ್ಚಲು ಒಣಗಿ ಹೊಟ್ಟೆಗೆ ಅಂಟಿತ್ತು. ಲಾಯದ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದ ಗೊರಸಿನ ಗುರುತುಗಳು, ಒಂದರ ಮೇಲೊಂದು. ಮರಿ ಹುಟ್ಟಿದ ಏಳನೇ ದಿನ ಅದರ ಕಾಲನ್ನು ಸುಣ್ಣದ ನೀರಲ್ಲಿ ಅದ್ದಿ ಒತ್ತುವುದು ಈ ಮನೆಯ ರೂಢಿ. ಭಾಗ್ಯಜ್ಯೋತಿ ಎಣಿಸಿದಳು. ಒಂಬತ್ತು. ಎಲ್ಲಕ್ಕಿಂತ ಮೇಲಿನದೂ ಹಳೆಯದೇ, ಸುಣ್ಣ ಉದುರಿ ಅರ್ಧ ಮಾಸಿತ್ತು.

"ಹತ್ತನೇದು ಎಲ್ಲಿ ಅಮ್ಮಾರ?"

"ಎರಡ ವರ್ಷ ಗಂಡು ಬಿಡಿಸಿಲ್ಲ. ದಣದಿತ್ತು. ಜೀವ ಅಲ್ಲೇನ ಅದು?"

ಉತ್ತರ ಸರಾಗವಾಗಿ ಬಂತು. ಹಲವು ಸಲ ಹೇಳಿ ರೂಢಿಯಾದ ಉತ್ತರದ ಹಾಗಿತ್ತು. ಭಾಗ್ಯಜ್ಯೋತಿ ಪಡಸಾಲೆಗೆ ಮರಳಿ ನೀರು ಕೇಳಿದಳು. ಮುದುಕಿ ಒಳಗೆ ಹೋದಾಗ ಆಕೆಯ ಕಣ್ಣು ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನ ಮೇಲೆ ಬಿತ್ತು.

ಅಲ್ಲಿ ಇಂಜೆಕ್ಷನ್ನಿನ ಖಾಲಿ ಸೀಸೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಓಮ, ಮತ್ತೊಂದರಲ್ಲಿ ಕರ್ಪೂರದ ತುಂಡು. ತೊಳೆದು, ಒರೆಸಿ, ಒಪ್ಪವಾಗಿ. ನಮ್ಮ ಕಡೆಯ ಮನೆಗಳಲ್ಲಿ ಒಂದು ಸೀಸೆಯನ್ನೂ ಎಸೆಯುವ ಚಾಳಿ ಇಲ್ಲ. ಭಾಗ್ಯಜ್ಯೋತಿ ಬಗ್ಗಿ ಮಾಸಿದ ಚೀಟಿಗಳನ್ನು ಓದಿದಳು. ಪೆನಿಸಿಲಿನ್. ಜೆಂಟಾಮೈಸಿನ್. ಎನ್ರೋಫ್ಲಾಕ್ಸಾಸಿನ್. ಸೆಫ್ಟಿಯೋಫರ್. ಒಂದೊಂದೇ ಓದುತ್ತ ಹೋದ ಹಾಗೆ ಆಕೆಗೆ ಲ್ಯಾಬಿನ ತಟ್ಟೆ ನೆನಪಿಗೆ ಬಂತು. ಎಂಟು ಸೀಸೆ, ಎಂಟು ಬೇರೆ ಬೇರೆ ಔಷಧ. ತಟ್ಟೆಯಲ್ಲಿ ಸೋತ ಎಂಟೂ ಇವೇ. ಅಮಿಕಾಸಿನ್ ಮಾತ್ರ ಸಾಲಿನಲ್ಲಿ ಇರಲಿಲ್ಲ.

ಸುಭದ್ರಾಬಾಯಿ ತಂಬಿಗೆ ತಂದಳು. ಡಾಕ್ಟರು ಗೂಡಿನ ಮುಂದೆ ನಿಂತದ್ದನ್ನು ಕಂಡು ಅದನ್ನು ನೆಲಕ್ಕಿಟ್ಟಳು.

"ದಣದ ಕುದುರಿಗೆ ಎಂಟ ನಮೂನಿ ಸೂಜಿ ಹಾಕಸ್ತಾರೇನು, ಅಮ್ಮಾರ?"

"ಎಮ್ಮಿಗೂ ಹಾಕಿಸಿರಬೇಕು. ನೆನಪಿಲ್ಲ."

"ಒಂದೊಂದ ಔಷಧ ಎಷ್ಟೆಷ್ಟ ದಿನ ಹಾಕಿಸಿದ್ರಿ?"

"ಒಂದೊಂದ ಸೂಜಿ, ಸಾಕು. ಸೂಜಿ ಅಂದ್ರ ಉಷ್ಣ. ಎರಡನೇದು ಹಾಕಿದ್ರ ಗರ್ಭಚೀಲ ಸುಡ್ತದ. ಒಂದು ಹಾಕಿದ ಮ್ಯಾಲ ಸೋರೂದು ಕಡಿಮಿ ಆಗ್ತಿತ್ತು, ಬಿಡ್ತಿದ್ದೆ. ಮತ್ತ ಸುರು ಆದ್ರ ಅಂಗಡಿಯಾಂವ ಬ್ಯಾರೆ ಕೊಡ್ತಿದ್ದ."

ಹೇಳಿದ ಮೇಲೆ ಮುದುಕಿಗೆ ತಾನು ಏನು ಹೇಳಿದೆ ಎಂಬುದು ತಿಳಿಯಿತು. ಎಮ್ಮೆಯ ಗರ್ಭಚೀಲ ಸೋರುತ್ತಿತ್ತೆಂದು ಈಗ ಹೇಳಿದರೆ ನಂಬುವವರಿಲ್ಲ. ಆಕೆ ಕೂತು ಮೊರ ಎಳೆದುಕೊಂಡಳು.

ಭಾಗ್ಯಜ್ಯೋತಿ ಎದುರಿಗೆ ನೆಲದ ಮೇಲೇ ಕೂತಳು. "ಅರ್ಧ ಏಟ ತಿಂದ ಹಾವು ಹ್ಯಾಂಗ ಆಗ್ತದ, ನಿಮಗ ನಾ ಹೇಳಬೇಕೇನು? ಎಂಟ ಸಲ ಅರ್ಧ ಹೊಡದ ಬಿಟ್ರಿ. ಒಳಗಿನ ಕ್ರಿಮಿ ಎಂಟೂ ಔಷಧಕ್ಕ ಜಗ್ಗದಂಗ ಆಯ್ತು. ಅದ ಈಗ ಹನ್ನೆರಡ ಕುದುರಿ ಹೊಟ್ಯಾಗ ಕೂತದ."

"ನನ್ನ ಗಂಗಿ ಮನಿ ಬಿಟ್ಟ ಹೊರಗ ಹೋಗಿಲ್ಲ. ಹನ್ನೆರಡ ಕುದುರಿ ಹೊಟ್ಯಾಗ ಅದು ಹ್ಯಾಂಗ ಹೋಗ್ತದ?"

"ಹಿಂಗ."

ಭಾಗ್ಯಜ್ಯೋತಿ ಪ್ಲಾಸ್ಟಿಕ್ ಚೀಲವನ್ನು ಮೊರದ ಪಕ್ಕ ಇಟ್ಟಳು. ಒಳಗಿನ ಹಸಿರು ಚಿಂದಿ, ಜರಿಯ ಎಳೆ. ಜೋಳ ಆರಿಸುತ್ತಿದ್ದ ಸುಭದ್ರಾಬಾಯಿಯ ಬೆರಳು ನಿಂತವು.

"ಇದೆಲ್ಲಿ ಸಿಕ್ತು?"

"ಕರಜಗ್ಯಾಗ. ಕಲ್ಯಾಣಪ್ಪ ಸಾವಕಾರ್ರ ರಾಣಿ ಬಾಲಕ್ಕ."

"ಸುಳ್ಳ. ಇದು ಮಣ್ಣಾಗ ಅದ."

ಭೀಮೆಯ ಕಡೆಯಿಂದ ಪಂಪಿನ ಸದ್ದು ಬರುತ್ತಿತ್ತು. ಭಾಗ್ಯಜ್ಯೋತಿ ಕಾದಳು. ಪ್ರಶ್ನೆ ಕೇಳುವುದಕ್ಕಿಂತ ಸುಮ್ಮನಿರುವುದು ಹೆಚ್ಚು ಕೆಲಸ ಮಾಡುವ ಹೊತ್ತುಗಳಿರುತ್ತವೆ, ಇಷ್ಟು ವರ್ಷದ ಪಶುವೈದ್ಯಕೀಯ ಆಕೆಗೆ ಅಷ್ಟನ್ನು ಕಲಿಸಿತ್ತು.

"ಎರಡ ವರ್ಷದ ಹಿಂದ ಗಂಗಿ ಕಂದ ಹಾಕ್ತು," ಎಂದಳು ಸುಭದ್ರಾಬಾಯಿ ಕೊನೆಗೆ. ದನಿಯಲ್ಲಿ ಅಳುವಿರಲಿಲ್ಲ. "ಒಂಬತ್ತ ತಿಂಗಳ ತುಂಬಿತ್ತು, ಈಯಾಕ ಇನ್ನೂ ಎರಡ ಬೇಕಿತ್ತು. ಆ ಸೂಜಿ ಎಲ್ಲಾ ಅದಕ್ಕೂ ಮೊದಲ ಹಾಕಿಸಿದ್ದು. ಮರಿ ಕೊಳತ ಹೊರಗ ಬಂತು. ಗಂಡು ಬಿಡಸೂ ಮುಂದ ಗಂಗಿ ಬಾಲಕ್ಕ ನಾ ಯಾವತ್ತೂ ಕಟ್ಟತಿದ್ದದ್ದು ಇದ ಅರಿವಿ, ನನ್ನ ಮದುವಿ ಸೀರಿ ಸೆರಗಿಂದು. ಅದರಾಗ ಆ ಮರಿ ಸುತ್ತಿದೆ. ಹೂಳಾಕ ಕೊಟ್ಟೆ. ಈ ಮನಿ ಬಿಟ್ಟು ಯಾರಿಗೂ ಹೇಳಲಿಲ್ಲ."

"ಯಾಕ?"

"ಯಾಕ ಅಂತಿ? ಗಂಗಿ ತಪ್ಪದ ಕುದುರಿ ಅಂತ ಮಂದಿ ಸಾಂಗ್ಲಿ ಕಡಿಯಿಂದ ಬರ್ತಾರ ಅದರ ಹೆಣ್ಣ ಮಕ್ಕಳನ್ನ ನೋಡಾಕ. ಮಕ್ಕಳಿಲ್ಲದಾಕಿ ನಾ. ಈ ಊರಾಗ ನನ್ನ ಹೆಸರ ಅಂತ ಉಳದದ್ದು ಈ ಕುದುರಿಯಿಂದ. ನನ್ನ ಕೈಲೆ ಅದನ್ನ ಹ್ಯಾಂಗ ಕೆಡಸ್ಲಿ?"

ಭಾಗ್ಯಜ್ಯೋತಿಗೆ ಸಿಟ್ಟು ಬಂತು. ಮರುಗಳಿಗೆ ಕನಿಕರವೂ ಬಂತು. ಎರಡನ್ನೂ ನುಂಗಿಕೊಂಡಳು.

"ಹೂಳಾಕ ಯಾರ ಕೈಯಾಗ ಕೊಟ್ರಿ?"

"ಮದೀನಾಬಿ ಕೈಯಾಗ. ಅವತ್ತ ಆಕಿನ ಬಂದಿದ್ಳು. ಆಕಿ ಬಿಟ್ರ ಗಂಗಿ ಯಾರನ್ನೂ ಹಿಂದ ನಿಂದ್ರಗೊಡಂಗಿಲ್ಲ."

ಯಾವ ಮನೆಯನ್ನು ಉಳಿಸಲು ಹನ್ನೊಂದು ದಿನ ಅಲೆದಳೋ ಆ ಮನೆಯ ಬಾಗಿಲಿಗೇ ದಾರಿ ಬಂದು ನಿಂತಿತ್ತು. ಇದನ್ನು ಆಮೇಲೆ ನೋಡೋಣ, ಮೊದಲು ಬಾದಲ ಉಳಿಯಲಿ ಎಂದು ಭಾಗ್ಯಜ್ಯೋತಿ ಮನಸ್ಸಿಗೆ ಹೇಳಿಕೊಂಡಳು.

"ಅಮ್ಮಾರ, ಕೇಳ್ರಿ. ನಾಳಿ ಹತ್ತಕ್ಕ ಏಜಾಜನ ಕುದುರಿ ಬೀಜ ತಗೀತಾರ. ಅದರ ಮೈಯಾಗ ಈ ಕ್ರಿಮಿ ಇಲ್ಲ, ಮೂರ ಸಲ ನೋಡೇನಿ. ನನ್ನ ಮಾತ ಯಾರೂ ಕೇಳವಲ್ರು. ನೀವು ಬಂದು, ಗಂಗಿ ಕಂದ ಹಾಕ್ತು, ಅದಕ್ಕ ಈ ರೋಗ ಇತ್ತು ಅಂತ ಎರಡ ಮಾತ ಹೇಳಬೇಕು. ಅಷ್ಟ."

ಸುಭದ್ರಾಬಾಯಿ ಮೊರದಲ್ಲಿನ ಕಲ್ಲುಗಳನ್ನು ಹೆಕ್ಕಿ ಹೊರಗೆ ಎಸೆದಳು. ಹಸನಾದ ಜೋಳವನ್ನು ಬುಟ್ಟಿಗೆ ಸುರಿದಳು.

"ಹೇಳಿದ ಮ್ಯಾಲ ಗಂಗಿ ಗತಿ?"

"ಒಂಬತ್ತನೇ ಔಷಧ ಅದ. ಪೂರಾ ದಿನ ಹಾಕಬೇಕು, ಒಳಗ ತೊಳಿಬೇಕು. ನಾನ ಬರ್ತೇನಿ. ಮತ್ತ ಮರಿ ಹಾಕ್ತದಂತ ಆಣಿ ಮಾಡಂಗಿಲ್ಲ."

ಮುದುಕಿ ಎದ್ದಳು. ಗೂಟದ ಮೇಲಿನ ಶಾಲು ಎಳೆದು ಹೊದ್ದಳು. "ನಾಳಿತನಕ ಯಾಕ? ಇವತ್ತ ಆಳಂದಕ್ಕ ಹೋಗೋಣು. ನನ್ನ ಮನಸ್ಸಿನ ಮ್ಯಾಲ ನನಗ ಭರೋಸಾ ಇಲ್ಲ. ಮುಂಜಾನಿ ಎದ್ದು ಬರಂಗಿಲ್ಲ ಅಂದಗಿಂದೇನು."

ಭಾಗ್ಯಜ್ಯೋತಿಗೆ ಆ ಮುದುಕಿಯ ಕಾಲು ಮುಟ್ಟಬೇಕೆನಿಸಿತು. ಅಷ್ಟರಲ್ಲಿ ಫೋನ್ ರಿಂಗಾಯಿತು. ಗೌಸಮೊಹಿದ್ದೀನ. ದಂಡೆಯ ಮೇಲೆ ಸಿಗ್ನಲ್ ಕೈಕೊಡುತ್ತಿದ್ದುದರಿಂದ ಸ್ಪೀಕರ್ ಹಚ್ಚಿ ಅಂಗಳದಲ್ಲಿ ನಿಂತಳು.

"ಮೇಡಮ್, ನಾಳಿಗೆ ಅಲ್ಲ. ಇವತ್ತ ತಗೀತಾರಂತ. ಈಗ."

"ಯಾರ ಬಂದಾರ? ಕಲ್ಯಾಣಪ್ಪನ ಮಂದಿಯೇನು?"

"ಯಾರೂ ಬಂದಿಲ್ರಿ. ಏಜಾಜ ತಾನ ಆ ಕೊಯ್ಯಾಂವನ್ನ ಕರಸ್ಯಾನ. ಕಲ್ಯಾಣಪ್ಪ ಸಾವಕಾರ ಇವನಿಗೆ ಫೋನ ಮಾಡಿ, ನಿಮ್ಮ ಡಾಕ್ಟರಬಾಯಿ ಮಣ್ಣೂರ ಪಟ್ಟಿ ಹಿಡಕೊಂಡ ಅಮ್ಮಾರ ಹತ್ರ ಹೊಂಟಾಳ ಅಂತ ನಕ್ಕರಂತ. ಅದನ್ನ ಕೇಳಿದಾವ ಒಂದ ಮಾತ ಆಡಲಿಲ್ಲ. ನಾಲ್ಕೂ ಕಾಲ ಕಟ್ಟಿ ಕೆಡವ್ಯಾರ ಮೇಡಮ್. ತಲಿ ಅವನ ಹಿಡಕೊಂಡ ಕೂತಾನ. ನಾ ಹೋದ್ರ ನನ್ನನ್ನ ನೂಕ್ತಾನ."

"ಅವನಿಗೆ ಫೋನ ಕೊಡ್ರಿ."

ಆಚೆ ಕುದುರೆ ಮೂಗಿನಿಂದ ಜೋರಾಗಿ ಉಸಿರು ಬಿಡುವುದು ಕೇಳಿಸಿತು. ಆಮೇಲೆ ಏಜಾಜನ ದನಿ, ತೀರಾ ತಣ್ಣಗೆ.

"ಮೇಡಮ್, ನಿಮ್ಮ ಉಪಕಾರ ಸಾಯೂತನಕ ಮರಿಯಂಗಿಲ್ಲ. ಇಷ್ಟಕ್ಕ ಬಿಟ್ಟಬಿಡ್ರಿ. ತಪ್ಪು ಬಾದಲಂದು ಅಂತ ಮಂದಿ ಒಪ್ಯಾರ, ನಾನೂ ಒಪ್ಪೇನಿ. ಇಲ್ಲಿಗೆ ಮುಗೀಲಿ."

"ತಪ್ಪು ಬಾದಲಂದ ಅಲ್ಲ. ನಿನಗ ಗೊತ್ತದ."

"ಗೊತ್ತದ ರಿ." ಅವನು ಒಂದಿಷ್ಟು ತಡೆದ. "ನಮ್ಮ ಅಮ್ಮಾ ಕೆಟ್ಟದ್ದಕ್ಕ ಮಾಡಿಲ್ಲ ಮೇಡಮ್. ಗಂಗಿ ಮರಿ ಹೂಳಿದ ದಿನ ಆ ಅರಿವಿ ಮನಿಗೆ ತಂದಿದ್ಳು, ನಾ ನೋಡಿದ್ದೆ. ರೇಷ್ಮಿ ಮಣ್ಣಾಗ ಹಾಕಾಕ ಆಕಿಗೆ ಮನಸ್ಸ ಆಗಿಲ್ಲ. ಒಂಬತ್ತ ಹೆತ್ತ ಕುದುರಿದು, ನಾಲ್ಕ ಮಂದಿಗೆ ಒಳ್ಳೇದಾಗ್ಲಿ ಅಂತ ಕೊಟ್ಟಿರಬೇಕು. ಅಷ್ಟೂ ಕುದುರಿ ಪಾಪ ತನ್ನ ಕೈಯಿಂದ ಆತು ಅಂತ ತಿಳದ್ರ ಆಕಿ ಉಳಿಯಂಗಿಲ್ಲ. ಕುದುರಿ ಸಾಕಿ ಇನ್ನೊಂದ ಮಾಡ್ಕೋತೇನಿ. ಅಮ್ಮಾ ಒಬ್ಬಾಕಿ ರಿ ನನಗ."

ಕುದುರೆಯನ್ನು ಉಳಿಸುವ ಸಾಕ್ಷಿ ಪಕ್ಕದಲ್ಲೇ ಶಾಲು ಹೊದ್ದು ನಿಂತಿತ್ತು. ಅದೇ ಸಾಕ್ಷಿ ಸಭೆಯಲ್ಲಿ ಬಾಯಿ ತೆರೆದರೆ, ಪಟ್ಟಿ ಹೊರಗೆ ಬಂದದ್ದು ಹೇಗೆ ಎಂಬ ಮುಂದಿನ ಪ್ರಶ್ನೆ ಮದೀನಾಬಿಯ ಮೇಲೆಯೇ ಬೀಳುತ್ತಿತ್ತು.

"ಮೇಡಮ್," ಗೌಸಮೊಹಿದ್ದೀನ ಫೋನ್ ಕಸಿದುಕೊಂಡಿದ್ದ, "ಕೊಯ್ಯಾಂವ ಕೈ ತೊಳಕೊಂಡ. ತಡೀಲೇನು, ಬಿಡ್ಲೇನು? ಜಲ್ದಿ ಹೇಳ್ರಿ."

ಸುಭದ್ರಾಬಾಯಿ ಆಕೆಯ ಕೈಯಿಂದ ಫೋನ್ ತೆಗೆದುಕೊಂಡಳು. ಕೇಳಲೂ ಇಲ್ಲ, ಕಸಿಯಲೂ ಇಲ್ಲ. ತನ್ನದೇ ವಸ್ತು ಎಂಬಂತೆ ತೆಗೆದುಕೊಂಡಳು.

"ಏಜಾಜ, ನಾ ಮಣ್ಣೂರ ಸುಭದ್ರಾಬಾಯಿ. ಆ ಪಟ್ಟಿ ನಿಮ್ಮವ್ವಗ ಹೂಳಾಕ ಅಂತ ನಾ ಕೊಟ್ಟಿಲ್ಲ. ಮರಿ ಹೂಳು, ಅರಿವಿ ಮಾತ್ರ ಮಂದಿಗೆ ಕೊಡು ಅಂತ ಕೊಟ್ಟೇನಿ. ರೋಗ ಅದ ಅಂತ ನನಗ ಗೊತ್ತಿತ್ತು, ಆಕಿಗೆ ಗೊತ್ತಿದ್ದಿಲ್ಲ. ಈ ಮಾತ ಮೂರ ತಾಲೂಕಿನ ಮುಂದ ಹೇಳ್ತೇನಿ. ಕುದುರಿ ಕಾಲ ಬಿಚ್ಚು."

ಮುದುಕಿಯ ಎಡಗೈ ಕೊರಳಿಗೆ ಹೋಗಿ ಬೆಳ್ಳಿಯ ಕರಡಿಗೆಯನ್ನು ಬಿಗಿಯಾಗಿ ಹಿಡಿಯಿತು.

"ಲಿಂಗ ಮುಟ್ಟಿ ಹೇಳಾಕತ್ತೇನಿ."

ಫೋನನ್ನು ಭಾಗ್ಯಜ್ಯೋತಿಯ ಕೈಗೆ ಮರಳಿ ಕೊಟ್ಟು, ಸುಭದ್ರಾಬಾಯಿ ಚಪ್ಪಲಿ ಹುಡುಕತೊಡಗಿದಳು. "ಏಜಾಜ ಹಗ್ಗ ಬಿಚ್ಚಾಕತ್ತಾನ, ಮೇಡಮ್," ಎಂದು ಗೌಸಮೊಹಿದ್ದೀನ ಆಚೆಯಿಂದ ಕೂಗಿದ. ಭಾಗ್ಯಜ್ಯೋತಿ ನಿಂತಲ್ಲೇ ನಿಂತಿದ್ದಳು. ಪಡಸಾಲೆಯಲ್ಲಿ ತನಗೆ ಹೇಳಿದ್ದು, ಈಗ ಏಜಾಜನಿಗೆ ಹೇಳಿದ್ದು: ಎರಡರಲ್ಲಿ ಒಂದು ಮಾತು ಸುಳ್ಳು, ಒಂದು ಖರೆ. ನಿತ್ಯ ಮೂರು ಹೊತ್ತು ಲಿಂಗಪೂಜೆ ಮಾಡುವ ಈ ಹೆಂಗಸು ಇನ್ನೊಬ್ಬಳ ಮಾನ ಉಳಿಸಲು ಲಿಂಗ ಮುಟ್ಟಿ ಸುಳ್ಳು ಹೇಳಿಯಾಳೇ? ಹೂಳಲು ಕೊಟ್ಟೆ ಎಂದು ಹತ್ತು ನಿಮಿಷದ ಹಿಂದೆ ಹೇಳುವಾಗ ಆಕೆ ಲಿಂಗ ಮುಟ್ಟಿರಲಿಲ್ಲ.